ಚೌಕ ಆಯತದ ಗುಂಪಿಗೆ ಸೇರಿದ ಬಗೆ: ಐದನೇ ತರಗತಿಯ ಒಂದು ಪ್ರಕರಣ

ಮೇಜಿನ ಮೇಲೆ 16 ಕಾರ್ಡುಗಳಿದ್ದವು, ಒಂದೊಂದರಲ್ಲಿ ಒಂದೊಂದು ಆಕೃತಿ. ನಾನು ಕೇಳಿದ್ದು ಇಷ್ಟೇ: "ಇದರಲ್ಲಿರೋ ಆಯತಗಳನ್ನೆಲ್ಲ ಆರಿಸಿ ಒಂದು ಕಡೆ ಇಡಿ." ನಾಲ್ಕು ಮಕ್ಕಳ ಗುಂಪು ಚಕಚಕನೆ ಮೂರು ಕಾರ್ಡು ಎತ್ತಿಟ್ಟಿತು. ಅದರಲ್ಲಿ ಎರಡು ನಿಜವಾಗಿ ಆಯತಗಳು. ಮೂರನೆಯದು ನೀಳವಾಗಿ ಒಂದು ಕಡೆಗೆ ವಾಲಿದ ಸಮಾಂತರ ಚತುರ್ಭುಜ. 5 ಸೆಂ.ಮೀ.ಗೆ 5.5 ಸೆಂ.ಮೀ. ಅಳತೆಯ ಆಯತವನ್ನು ಅವರು ಚೌಕಗಳ ಜೊತೆ ಬಿಟ್ಟಿದ್ದರು. ಚೌಕಗಳನ್ನಂತೂ ಯಾರೂ ಮುಟ್ಟಿರಲಿಲ್ಲ.

ಒಂದು ಚೌಕವನ್ನು ತೋರಿಸಿ "ಇದು?" ಎಂದೆ.

"ಅದು ಆಯತ ಅಲ್ಲ ಮಿಸ್, ಚೌಕ," ಎಂದಳು ಗುಂಪಿನ ಹುಡುಗಿ. ಲೆಕ್ಕದಲ್ಲಿ ಚುರುಕಾದವಳು, ತಪ್ಪು ಹೇಳಿ ಅಭ್ಯಾಸವಿಲ್ಲದವಳು.

"ಯಾಕೆ ಆಯತ ಅಲ್ಲ?"

"ಉದ್ದ ಇಲ್ವಲ್ಲ ಮಿಸ್!"

ಅವಳಿಗೆ ಆಶ್ಚರ್ಯವಾಗಿತ್ತು, ಇಷ್ಟು ಸುಲಭದ್ದನ್ನು ಟೀಚರ್ ಯಾಕೆ ಕೇಳುತ್ತಿದ್ದಾರೆ ಎಂದು. ನಾನು ಆಗ ಮಾಡಿದ್ದು ಬಹುತೇಕ ಶಿಕ್ಷಕರು ಮಾಡುವುದನ್ನೇ. ಬೋರ್ಡಿಗೆ ಹೋಗಿ, "ನಾಲ್ಕೂ ಕೋನ ಲಂಬಕೋನ ಆಗಿರೋ ಚತುರ್ಭುಜ ಆಯತ. ಚೌಕದಲ್ಲೂ ನಾಲ್ಕೂ ಲಂಬಕೋನ ಇವೆ. ಆದ್ದರಿಂದ ಚೌಕವೂ ಒಂದು ಆಯತ" ಎಂದು ಬರೆದೆ. ಎಲ್ಲರೂ ಬರೆದುಕೊಂಡರು. ಮರುದಿನ ಸರಿ ಅಥವಾ ತಪ್ಪು ಗುರುತಿಸುವ ಪ್ರಶ್ನೆಯಲ್ಲಿ ಆ ಹುಡುಗಿ "ಚೌಕವು ಒಂದು ಆಯತ" ಎಂಬುದರ ಮುಂದೆ "ಸರಿ" ಎಂದು ಬರೆದಳು. ಅದೇ ಅವಧಿಯಲ್ಲಿ ಕಾರ್ಡುಗಳನ್ನು ಮತ್ತೆ ಕೊಟ್ಟಾಗ ಚೌಕಗಳನ್ನು ಮತ್ತೆ ಹೊರಗೇ ಇಟ್ಟಳು. ಬಾಯಿ ಒಂದು ಹೇಳುತ್ತಿತ್ತು, ಕೈ ಇನ್ನೊಂದು ಮಾಡುತ್ತಿತ್ತು. ಆ ಎರಡನ್ನೂ ಒಂದೇ ಕಡೆಗೆ ತರಲು ಮುಂದಿನ ಎರಡು ವಾರ ಏನೇನು ಮಾಡಿದೆ, ಯಾವುದು ಸೋತಿತು, ಯಾವುದು ಹಿಡಿಯಿತು ಎಂಬುದೇ ಈ ಪ್ರಕರಣ.

ತಪ್ಪು ಎಲ್ಲಿಂದ ಬಂತು

ಮೊದಲು ನನ್ನ ಹಳೆಯ ಪಾಠದ ಟಿಪ್ಪಣಿ ತೆಗೆದು ನೋಡಿದೆ. ಆಯತದ ಬಗ್ಗೆ ನಾನೇ ಬರೆಸಿದ್ದ ವಾಕ್ಯ ಅಲ್ಲಿತ್ತು: "ಆಯತಕ್ಕೆ ಎರಡು ಉದ್ದ ಬಾಹುಗಳು, ಎರಡು ಗಿಡ್ಡ ಬಾಹುಗಳು." ಹುಡುಗಿ ತಪ್ಪೇನೂ ಹೇಳಿರಲಿಲ್ಲ. ನಾನು ಕೊಟ್ಟ ವ್ಯಾಖ್ಯೆಯನ್ನೇ ನಿಷ್ಠೆಯಿಂದ ಬಳಸಿದ್ದಳು. ನನ್ನ ಆ ವ್ಯಾಖ್ಯೆಯಲ್ಲಿ ಕೋನದ ಮಾತೇ ಇರಲಿಲ್ಲ. ವಾಲಿದ ಸಮಾಂತರ ಚತುರ್ಭುಜ ಆಯತದ ಗುಂಪಿಗೆ ಸೇರಿದ್ದು ಹೇಗೆ ಎಂಬುದಕ್ಕೂ ಉತ್ತರ ಅಲ್ಲೇ ಇತ್ತು. ಎರಡು ಉದ್ದ, ಎರಡು ಗಿಡ್ಡ, ಲೆಕ್ಕ ಸರಿಹೋಯಿತು.

ಗೋಡೆಯ ಚಾರ್ಟು ಕೂಡ ಇದಕ್ಕೇ ಒತ್ತಾಸೆ ಕೊಡುತ್ತಿತ್ತು. ಅದರಲ್ಲಿ ತ್ರಿಭುಜ ಎಂದರೆ ತಳದ ಮೇಲೆ ನೆಟ್ಟಗೆ ಕೂತ ಸಮಬಾಹು ತ್ರಿಭುಜ. ಆಯತ ಎಂದರೆ ಅಗಲದ ಎರಡರಷ್ಟು ಉದ್ದವಿರುವ, ಅಡ್ಡಕ್ಕೆ ಮಲಗಿದ ಒಂದು. ಚೌಕ ಬೇರೆ ಬಣ್ಣದಲ್ಲಿ, ಬೇರೆ ಮನೆಯಲ್ಲಿ, ಬೇರೆ ಹೆಸರಿನಲ್ಲಿ. ಒಂದು ಹೆಸರಿಗೆ ಒಂದೇ ಚಿತ್ರ. ವರ್ಷಗಟ್ಟಲೆ ಇದನ್ನು ನೋಡಿದ ಮಗುವಿಗೆ ಹೆಸರು ಅಂದರೆ ಚಿತ್ರವೇ ಆಗುತ್ತದೆ, ಗುಣಗಳ ಪಟ್ಟಿ ಆಗುವುದಿಲ್ಲ.

ಇನ್ನೊಂದು ಸಂಗತಿ ನಮ್ಮ ಭಾಷೆಯೊಳಗೇ ಇದೆ. ಅದನ್ನು ನಾನು ಗಮನಿಸಿದ್ದು ಈ ಪ್ರಕರಣದ ನಂತರವೇ. "ಆಯತ" ಎಂಬ ಸಂಸ್ಕೃತ ಪದದ ಅರ್ಥವೇ ನೀಳವಾದದ್ದು, ಚಾಚಿಕೊಂಡದ್ದು. ಆಯತಾಕ್ಷಿ ಎಂದರೆ ನೀಳಕಣ್ಣಿನವಳು. ಇಂಗ್ಲಿಷಿನಲ್ಲಿ ಈ ಆಕೃತಿಯ ಹೆಸರು ಲಂಬಕೋನದ ಮೇಲೆ ನಿಂತಿದೆ, ಕನ್ನಡದಲ್ಲಿ ಉದ್ದದ ಮೇಲೆ. ಮಾತಿನಲ್ಲಿ ಅದನ್ನು "ಉದ್ದ ಚೌಕ" ಎನ್ನುವವರೂ ಇದ್ದಾರೆ. ಹಾಗಾಗಿ "ಉದ್ದ ಇಲ್ವಲ್ಲ ಮಿಸ್" ಎಂಬ ಮಾತು ಪದದ ಮೂಲಾರ್ಥವನ್ನೇ ಹಿಡಿದು ಬಂದ ವಾದ. ಹೆಸರು ಒಂದು ಕಡೆ ಎಳೆಯುತ್ತದೆ, ಗಣಿತದ ವ್ಯಾಖ್ಯೆ ಇನ್ನೊಂದು ಕಡೆ. ಈ ಎಳೆದಾಟವನ್ನು ಮಕ್ಕಳ ಮುಂದೆ ಬಿಚ್ಚಿ ಹೇಳದೆ "ಇದೇ ನಿಯಮ, ಬರೆದುಕೊಳ್ಳಿ" ಎಂದರೆ ಅವರು ಬರೆದುಕೊಳ್ಳುತ್ತಾರೆ, ನಂಬುವುದಿಲ್ಲ.

ನೆದರ್ಲೆಂಡ್ಸ್‌ನಲ್ಲಿ ಪಿಯರ್ ವ್ಯಾನ್ ಹೀಲೆ ಮತ್ತು ಡೀನಾ ವ್ಯಾನ್ ಹೀಲೆ-ಗೆಲ್ಡಾಫ್ ಎಂಬ ಶಿಕ್ಷಕ ದಂಪತಿ 1957ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧಗಳು ಇದೇ ತೊಡಕಿನ ಸುತ್ತ ಬೆಳೆದವು. ಡೀನಾ ಅದಾದ ಸ್ವಲ್ಪ ಕಾಲದಲ್ಲೇ ತೀರಿಕೊಂಡರು, ಪಿಯರ್ ಆ ಕೆಲಸ ಮುಂದುವರಿಸಿದರು. ರೇಖಾಗಣಿತದ ಯೋಚನೆ ಹಂತಹಂತವಾಗಿ ಬೆಳೆಯುತ್ತದೆ ಎಂಬುದು ಅವರ ಮಾತು. ಮೊದಲ ಹಂತದಲ್ಲಿ ಮಗು ಆಕೃತಿಯನ್ನು ಇಡಿಯಾಗಿ, ನೋಟದಿಂದ ಗುರುತಿಸುತ್ತದೆ. ಮುಂದಿನದರಲ್ಲಿ ಬಾಹು, ಕೋನ ಎಂದು ಬಿಡಿಸಿ ಗುಣಗಳನ್ನು ಹೇಳುತ್ತದೆ. ಅದರ ಮೇಲಿನದರಲ್ಲಿ ಗುಣಗಳ ನಡುವಿನ ಸಂಬಂಧ, ಒಂದು ಗುಂಪು ಇನ್ನೊಂದರೊಳಗೆ ಕೂರುವುದು ಅರ್ಥವಾಗುತ್ತದೆ. ವಯಸ್ಸು ಹೆಚ್ಚಿದ ಮಾತ್ರಕ್ಕೆ ಮೇಲಿನ ಹಂತ ಬರುವುದಿಲ್ಲ, ತಕ್ಕ ಅನುಭವ ಬೇಕು. ಹಂತವನ್ನು ಹಾರಿ ಹೋಗಲೂ ಆಗುವುದಿಲ್ಲ. ನನಗೆ ತಟ್ಟಿದ್ದು ಅವರ ಇನ್ನೊಂದು ಮಾತು: ಪ್ರತಿ ಹಂತಕ್ಕೂ ಅದರದ್ದೇ ಭಾಷೆ ಇರುತ್ತದೆ. ನಾನು ಬೋರ್ಡಿನ ಮೇಲೆ "ಆದ್ದರಿಂದ" ಎಂದು ಬರೆದದ್ದು ಮೂರನೇ ಹಂತದ ಭಾಷೆ. ಮಕ್ಕಳು ಇದ್ದದ್ದು ಮೊದಲನೆಯದರಲ್ಲಿ. ನಡುವಿನ ಮೆಟ್ಟಿಲನ್ನು ನಾನು ಕಟ್ಟಿಯೇ ಇರಲಿಲ್ಲ.

ಹೆಸರು ಬಿಟ್ಟು ಗುಣ ಹಿಡಿದದ್ದು

ಮೂರು ದಿನ ಯಾವ ಆಕೃತಿಯ ಹೆಸರನ್ನೂ ಹೇಳಬಾರದು ಎಂದು ನಿಯಮ ಮಾಡಿದೆ. ಕಾರ್ಡಿನ ಸಂಖ್ಯೆ ಮಾತ್ರ ಹೇಳಬಹುದು. ಮಕ್ಕಳಿಗೆ ಇದು ಆಟವಾಯಿತು, ಬಾಯಿತಪ್ಪಿ "ಚೌಕ" ಎಂದವರನ್ನು ಉಳಿದವರು ಹಿಡಿಯುತ್ತಿದ್ದರು.

ಕಾರ್ಡುಗಳನ್ನೂ ಹೊಸದಾಗಿ ಮಾಡಿದೆ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಅರ್ಧ ಪಾಠ ಕಾರ್ಡುಗಳ ಆಯ್ಕೆಯಲ್ಲೇ ಇದೆ. ಎಲ್ಲವನ್ನೂ 1 ಸೆಂ.ಮೀ. ಚೌಕಳಿ ಹಾಳೆಯ ಮೇಲೆ ಬರೆದೆ. (1,0), (4,1), (3,4), (0,3) ಬಿಂದುಗಳನ್ನು ಸೇರಿಸಿದರೆ ಒಂದು ಚೌಕ ಬರುತ್ತದೆ, ಆದರೆ ಅದರ ಒಂದು ಬಾಹುವೂ ಚೌಕಳಿಯ ಗೆರೆಯ ಮೇಲೆ ಕೂರುವುದಿಲ್ಲ. (0,0), (5,0), (8,4), (3,4) ಸೇರಿಸಿದರೆ ನಾಲ್ಕೂ ಬಾಹು ಸರಿಯಾಗಿ 5 ಸೆಂ.ಮೀ. ಇರುವ ಆಕೃತಿ, ಕೋನಗಳು ಮಾತ್ರ ಲಂಬವಲ್ಲ. ತುದಿಯ ಮೇಲೆ ನಿಂತ ಸೂಜಿಯಂಥ ತ್ರಿಭುಜ ಒಂದು, ಮೂರು ಮೂಲೆ ಇದ್ದರೂ ಒಂದು ಬದಿ ಬಾಗಿರುವ ಆಕೃತಿ ಒಂದು, ಮೂಲೆಯಲ್ಲಿ ಕೂದಲೆಳೆಯಷ್ಟು ತೆರೆದುಕೊಂಡ ನಾಲ್ಕು ಗೆರೆಗಳು ಒಂದು. ಕೊನೆಯ ಎರಡು ಯಾವುದಕ್ಕೂ ಸೇರದಂಥವು. ಹಾಗಿದ್ದದ್ದರಿಂದಲೇ ಅವು ಬೇಕಿದ್ದವು. ಅವು ಉಳಿದ ಕಾರ್ಡುಗಳ ಜೊತೆ ಯಾಕೆ ಸೇರುವುದಿಲ್ಲ ಎಂದು ವಾದಿಸುವಾಗಲೇ "ನೇರ ಗೆರೆ ಇರಬೇಕು", "ಮುಚ್ಚಿರಬೇಕು" ಎಂಬ ಗುಣಗಳು ಮಕ್ಕಳ ಬಾಯಲ್ಲಿ ಮೊದಲ ಸಲ ಬಂದವು.

ಕಣ್ಣಳತೆಯನ್ನು ನಂಬದಿರಲು ಸಾಧನ ಬೇಕು. ಲಂಬಕೋನ ನೋಡಲು ಅಂಚು ಹರಿದ ಯಾವುದೋ ಕಾಗದ ಸಾಕು. ಒಮ್ಮೆ ಮಡಚಿದರೆ ನೇರ ಅಂಚು ಸಿಗುತ್ತದೆ, ಆ ಅಂಚು ತನ್ನ ಮೇಲೇ ಕೂರುವಂತೆ ಇನ್ನೊಮ್ಮೆ ಮಡಚಿದರೆ ಮೂಲೆ ಲಂಬಕೋನ. ಯಾಕೆ ಹಾಗಾಗುತ್ತದೆ ಎಂದು ಒಬ್ಬ ಹುಡುಗ ಕೇಳಿದ. ನೇರ ಅಂಚು ಅಂದರೆ 180 ಡಿಗ್ರಿ, ಮಡಚಿದಾಗ ಅದು ಸಮನಾಗಿ ಎರಡು ಪಾಲಾಯಿತು ಎಂದು ಅವನೇ ಸ್ವಲ್ಪ ಹೊತ್ತಿನಲ್ಲಿ ಹೇಳಿದ. ಬಾಹುಗಳನ್ನು ಹೋಲಿಸಲು ಒಂದು ಕಾಗದದ ಪಟ್ಟಿ, ಅದರ ಮೇಲೆ ಪೆನ್ಸಿಲ್ ಗುರುತು. ಸಮಾಂತರ ನೋಡಲು ಎರಡು ಗೆರೆಗಳ ನಡುವಿನ ಅಂತರವನ್ನು ಎರಡು ಕಡೆ, ಲಂಬವಾಗಿ ಅಳೆಯುವುದು. ಇಲ್ಲಿ ಕನ್ನಡದ ಹೆಸರು ನೆರವಿಗೆ ಬಂತು: ಸಮ ಅಂತರ, ಸಮಾಂತರ. ಹೆಸರೇ ಅಳೆಯುವ ವಿಧಾನ ಹೇಳಿಕೊಟ್ಟಿತು.

5 ಸೆಂ.ಮೀ.ಗೆ 5.5 ಸೆಂ.ಮೀ. ಆಯತವನ್ನು ಅಳೆದಾಗ ತರಗತಿಯಲ್ಲಿ ಗುಲ್ಲೆದ್ದಿತು. ಕಣ್ಣು ಮೋಸ ಮಾಡಿತು ಎಂದು ಅವರಿಗೆ ಗೊತ್ತಾದದ್ದು ಅಲ್ಲಿ. ಆಮೇಲೆ "ನೋಡಿದ್ರೆ ಗೊತ್ತಾಗುತ್ತೆ" ಎಂಬ ಮಾತು ತುಂಬ ಕಡಿಮೆಯಾಯಿತು.

ಎರಡು ಹಗ್ಗ

ನಾಲ್ಕನೇ ದಿನ ನೆಲದ ಮೇಲೆ ಹಗ್ಗದಿಂದ ಎರಡು ವೃತ್ತ ಮಾಡಿ "ಆಯತ", "ಚೌಕ" ಎಂದು ಚೀಟಿ ಇಟ್ಟೆ. ಪೂರ್ತಿ ಸೋತೆ. ಮಕ್ಕಳು ಹಳೆಯ ಹಾಗೇ ಎರಡು ಗುಂಪು ಮಾಡಿದರು, ಯಾರಿಗೂ ತೊಂದರೆಯೇ ಅನಿಸಲಿಲ್ಲ. ಹೆಸರು ಮತ್ತೆ ಬಂದ ಕೂಡಲೇ ಚಿತ್ರವೂ ಮತ್ತೆ ಬಂದಿತ್ತು.

ಮಧ್ಯಾಹ್ನ ಚೀಟಿಗಳನ್ನು ಬದಲಿಸಿದೆ. ಒಂದರ ಮೇಲೆ "ನಾಲ್ಕೂ ಲಂಬಕೋನ", ಇನ್ನೊಂದರ ಮೇಲೆ "ನಾಲ್ಕೂ ಬಾಹು ಸಮ". ವೃತ್ತಗಳು ದೂರ ದೂರವೇ ಇದ್ದವು. ಉದ್ದದ ಆಯತ ಮೊದಲನೆಯದಕ್ಕೆ ಹೋಯಿತು, 5 ಸೆಂ.ಮೀ. ಬಾಹುಗಳ ವಾಲಿದ ಆಕೃತಿ ಎರಡನೆಯದಕ್ಕೆ. ಚೌಕದ ಕಾರ್ಡು ಹಿಡಿದ ಹುಡುಗ ಎರಡು ವೃತ್ತಗಳ ನಡುವೆ ನಿಂತುಬಿಟ್ಟ. "ಇದು ಇಲ್ಲೂ ಹೋಗ್ಬೇಕು, ಅಲ್ಲೂ ಹೋಗ್ಬೇಕು. ಇನ್ನೊಂದು ಕಾರ್ಡ್ ಕೊಡಿ ಮಿಸ್." ಇನ್ನೊಂದು ಇಲ್ಲ ಎಂದೆ. ಕೆಲವರು ನಡುವೆ ನೆಲದ ಮೇಲಿಡು ಎಂದರು. ಆದರೆ ನಡುವೆ ಅಂದರೆ ಎರಡರ ಹೊರಗೆ, ಅದು ಸುಳ್ಳಾಗುತ್ತದೆ ಎಂದು ಬೇರೆಯವರು ತಕರಾರು ತೆಗೆದರು. ಕೊನೆಗೆ ಒಬ್ಬಳು ಬಗ್ಗಿ ಒಂದು ಹಗ್ಗವನ್ನು ಎಳೆದು ಇನ್ನೊಂದರ ಮೇಲೆ ಹಾಯಿಸಿದಳು. ಎರಡೂ ಸೇರಿದ ಜಾಗದಲ್ಲಿ ಚೌಕ ಕೂತಿತು. ಗೆರೆಯ ಮೇಲೆ ಕೂರದ ಆ ಓರೆ ಚೌಕವೂ ಅಳತೆಯಾದ ಮೇಲೆ ಅಲ್ಲಿಗೇ ಬಂತು.

ಒಂದು ಆಕೃತಿ ಎರಡು ಕಡೆ ಸೇರಬಹುದು ಎಂಬುದನ್ನು ನಾನು ಹೇಳಿಕೊಟ್ಟಿದ್ದರೆ ಅದು ಇನ್ನೊಂದು ಬರೆದುಕೊಳ್ಳುವ ವಾಕ್ಯವಾಗುತ್ತಿತ್ತು. ಕಾರ್ಡು ಒಂದೇ ಇದ್ದದ್ದರಿಂದ ಅವರಿಗೆ ಹಗ್ಗವನ್ನೇ ಎಳೆಯದೆ ದಾರಿ ಇರಲಿಲ್ಲ.

"ವಜ್ರ" ಎಂಬ ಸರಿಯುತ್ತರ

ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿದ ಕಾರ್ಡನ್ನು ಮೊದಲ ದಿನದಿಂದಲೂ ಮಕ್ಕಳು "ವಜ್ರ" ಎನ್ನುತ್ತಿದ್ದರು. ಇದು ವಿಚಿತ್ರವಾದ ತೊಡಕು. ನಾಲ್ಕೂ ಬಾಹು ಸಮವಿರುವ ಚತುರ್ಭುಜಕ್ಕೆ ಪಠ್ಯದಲ್ಲಿ ವಜ್ರಾಕೃತಿ ಎಂದೇ ಹೆಸರು. ಚೌಕಕ್ಕೆ ನಾಲ್ಕೂ ಬಾಹು ಸಮ, ಹಾಗಾಗಿ ಅದು ವಜ್ರಾಕೃತಿಯೇ. ಉತ್ತರ ಸರಿ. ಕಾರಣ ಮಾತ್ರ ಪೂರ್ತಿ ತಪ್ಪು, ಯಾಕೆಂದರೆ ಅವರ ಪ್ರಕಾರ ಅದು ಓರೆಯಾಗಿ ನಿಂತದ್ದರಿಂದ ವಜ್ರ, ನೆಟ್ಟಗೆ ಕೂತರೆ ಚೌಕ. ಉತ್ತರಪತ್ರಿಕೆಯಲ್ಲಿ ಇದಕ್ಕೆ ಪೂರ್ಣ ಅಂಕ ಸಿಗುತ್ತದೆ, ತಪ್ಪು ಬೆಳಕಿಗೇ ಬರುವುದಿಲ್ಲ.

ಇದಕ್ಕೆ ರಟ್ಟಿನ ನಾಲ್ಕು ಸಮ ಪಟ್ಟಿಗಳ ತುದಿಗೆ ತೂತು ಮಾಡಿ, ಸಣ್ಣ ನಟ್ಟು ಬೋಲ್ಟು ಹಾಕಿ ಜೋಡಿಸಿದೆ. ಎದುರು ಮೂಲೆಗಳನ್ನು ಹಿಡಿದು ಎಳೆದರೆ ಆಕೃತಿ ಚಪ್ಪಟೆಯಾಗುತ್ತದೆ, ಒತ್ತಿದರೆ ಮತ್ತೆ ಎದ್ದು ನಿಲ್ಲುತ್ತದೆ. ಪಟ್ಟಿಗಳ ಉದ್ದ ಬದಲಾಗಲು ಸಾಧ್ಯವೇ ಇಲ್ಲ. ಹಾಗೆ ಎಳೆಯುತ್ತಾ ಒತ್ತುತ್ತಾ ಹೋದಾಗ ಒಂದು ಕ್ಷಣ ನಾಲ್ಕೂ ಮೂಲೆ ಲಂಬವಾಗುತ್ತವೆ, ಅದೇ ಚೌಕ. ತಿರುಗಿಸುವುದು ಬೇರೆ, ಮೂಲೆಯನ್ನು ಬಗ್ಗಿಸುವುದು ಬೇರೆ ಎಂದು ಅವರಿಗೆ ಕೈಯಲ್ಲೇ ತಿಳಿಯಿತು. ತಿರುಗಿಸಿದಾಗ ಮಡಚಿದ ಕಾಗದದ ಮೂಲೆ ಇನ್ನೂ ಸರಿಯಾಗಿ ಕೂರುತ್ತದೆ, ಬಗ್ಗಿಸಿದಾಗ ಕೂರುವುದಿಲ್ಲ. (ಮೂರು ಪಟ್ಟಿ ಜೋಡಿಸಿದವರು ಎಷ್ಟು ಎಳೆದರೂ ಅದು ಅಲುಗದ್ದನ್ನು ಕಂಡು ಬೆರಗಾದರು. ಮೂರು ಬಾಹುಗಳ ಉದ್ದ ಗೊತ್ತಾದರೆ ತ್ರಿಭುಜ ಒಂದೇ ಎಂಬ ಪಾಠ ಅಲ್ಲಿ ಕಾದಿತ್ತು, ಅದಕ್ಕೆ ಬೇರೆ ದಿನ ಬೇಕು ಎಂದು ಬಿಟ್ಟೆ.)

ಮತ್ತೆ ಆ ಹುಡುಗಿ

ಇಷ್ಟೆಲ್ಲ ಆದರೂ ಮೊದಲ ದಿನದ ಹುಡುಗಿ ಪಟ್ಟು ಬಿಟ್ಟಿರಲಿಲ್ಲ. "ನಾಲ್ಕೂ ಲಂಬಕೋನ ಇದೆ, ಒಪ್ಪಿದೆ ಮಿಸ್. ಆದ್ರೆ ಅದಕ್ಕೆ ಚೌಕ ಅಂತ ಹೆಸರಿದೆಯಲ್ಲ. ಇನ್ನೊಂದು ಹೆಸರು ಯಾಕೆ?"

ಇದು ಒಳ್ಳೆಯ ಪ್ರಶ್ನೆ. ಕ್ರಿ.ಪೂ. 300ರ ಸುಮಾರಿನ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಕೂಡ ಅವಳ ಪಕ್ಷದಲ್ಲೇ ಇದ್ದಾನೆ. ಅವನ "ಎಲಿಮೆಂಟ್ಸ್" ಗ್ರಂಥದ ಮೊದಲ ಪುಸ್ತಕದ 22ನೇ ವ್ಯಾಖ್ಯೆಯಲ್ಲಿ ಚೌಕ ಎಂದರೆ ಬಾಹುಗಳು ಸಮವಾಗಿದ್ದು ಕೋನಗಳೂ ಲಂಬವಾಗಿರುವುದು. ಆಯತ ಎಂದರೆ ಕೋನಗಳು ಲಂಬವಾಗಿದ್ದು ಬಾಹುಗಳು ಸಮವಾಗಿಲ್ಲದಿರುವುದು. ವಜ್ರಾಕೃತಿ ಎಂದರೆ ಬಾಹುಗಳು ಸಮವಾಗಿದ್ದು ಕೋನಗಳು ಲಂಬವಾಗಿಲ್ಲದಿರುವುದು. ಒಂದು ಇನ್ನೊಂದರೊಳಗೆ ಬರುವಂತೆಯೇ ಇಲ್ಲ. ಇದನ್ನು ಮಕ್ಕಳಿಗೆ ಹೇಳಿದೆ. ಅವಳ ಮುಖ ಅರಳಿತು. ಚೌಕವನ್ನು ಆಯತದೊಳಗೆ ಸೇರಿಸುವುದು ಮನುಷ್ಯರು ಮಾಡಿಕೊಂಡ ಆಯ್ಕೆ ಎಂದ ಮೇಲೆ, ಆ ಆಯ್ಕೆಯಿಂದ ಲಾಭವೇನು ಎಂದು ತೋರಿಸುವ ಹೊಣೆ ನನ್ನದು.

ರಟ್ಟಿನಲ್ಲಿ ಲಂಬಕೋನದ ಮೂಲೆಯಿರುವ ಎರಡು ತುಂಡು ಕತ್ತರಿಸಿದ್ದೆ, ಇಂಗ್ಲಿಷಿನ ಎಲ್ ಅಕ್ಷರದ ಹಾಗೆ. ಎದುರುಬದುರಾಗಿ ಒಂದರ ಮೇಲೊಂದು ಇಟ್ಟರೆ ನಡುವೆ ಕಿಟಕಿಯಂಥ ಆಯತ ತೆರೆಯುತ್ತದೆ. ಅಗಲವನ್ನು 4 ಸೆಂ.ಮೀ.ಗೆ ನಿಲ್ಲಿಸಿ ಉದ್ದವನ್ನು ಸರಿಸುತ್ತಾ ಬಂದೆ. 10. "ಆಯತ!" 8. "ಆಯತ!" 6, 5, 4.5. "ಆಯತ!" 4. "ಚೌಕ!" 3.5. "ಆಯತ!"

"4.5ರಲ್ಲಿ ಆಯತ, 3.5ರಲ್ಲಿ ಆಯತ. 4ಕ್ಕೆ ಬಂದಾಗ ಏನು ಕಳೆದುಹೋಯ್ತು?"

ಆಯತದ ಗುಣಗಳ ಪಟ್ಟಿ ಬೋರ್ಡಿನ ಮೇಲಿತ್ತು, ಅವರೇ ಅಳೆದು ಬರೆದದ್ದು. ನಾಲ್ಕೂ ಲಂಬಕೋನ, ಎದುರು ಬಾಹುಗಳು ಸಮ, ಎದುರು ಬಾಹುಗಳು ಸಮಾಂತರ. ಒಂದೊಂದಾಗಿ ನೋಡಿದರು. ಏನೂ ಕಳೆದಿರಲಿಲ್ಲ, ಒಂದು ಗುಣ ಹೆಚ್ಚಿಗೆ ಸೇರಿತ್ತು, ಅಷ್ಟೆ. ಹುಡುಗಿ ಪಟ್ಟಿಯನ್ನು ಎರಡು ಸಲ ಓದಿದಳು, ಏನೂ ಹೇಳಲಿಲ್ಲ.

ಅಂದು ಮಧ್ಯಾಹ್ನ ಕರ್ಣಗಳನ್ನು ಅಳೆಯುವ ಕೆಲಸ ಇತ್ತು. ಪ್ರತಿ ಗುಂಪಿಗೂ ಬೇರೆ ಬೇರೆ ಆಯತ ಕೊಟ್ಟು ದಾರದಿಂದ ಎರಡು ಕರ್ಣ ಅಳೆಯಿಸಿದೆ. ಎಲ್ಲದರಲ್ಲೂ ಸಮ. ಇದು ಸಾಧನೆಯಲ್ಲ, ಅಂದರೆ ರುಜುವಾತಲ್ಲ, ಕೆಲವನ್ನು ಅಳೆದು ಕಂಡದ್ದು ಮಾತ್ರ ಎಂದು ಹೇಳಿದೆ. ದೊಡ್ಡ ತರಗತಿಯಲ್ಲಿ ಎಲ್ಲ ಆಯತಗಳಿಗೂ ಒಟ್ಟಿಗೆ ಸಾಧಿಸುತ್ತಾರೆ ಎಂದೂ ಹೇಳಿದೆ. ಆಮೇಲೆ ಕೇಳಿದೆ: "ಎಲ್ಲ ಆಯತಕ್ಕೂ ಇದು ನಿಜ ಅಂತ ಯಾರೋ ಸಾಧಿಸಿದ್ದಾರೆ ಅಂತಿಟ್ಕೊಳ್ಳಿ. ಚೌಕಕ್ಕೆ ಮತ್ತೆ ಬೇರೆಯಾಗಿ ಸಾಧಿಸಬೇಕಾ?"

ಹುಡುಗಿಯೇ ಉತ್ತರ ಕೊಟ್ಟಳು, ನಿಧಾನವಾಗಿ. "ಒಳಗಿದ್ರೆ ಬೇಡ. ಹೊರಗಿಟ್ರೆ ಬೇಕು." ಸ್ವಲ್ಪ ತಡೆದು, "ಹೊರಗಿಟ್ರೆ ಎರಡೆರಡು ಸಲ ಕೆಲಸ," ಎಂದಳು. ನಿಯಮ ಬರೆದುಕೊಂಡಾಗ ಸಿಗದ ಕಾರಣ ಅವಳಿಗೆ ಇಲ್ಲಿ ಸಿಕ್ಕಿತ್ತು.

ತ್ರಾಪಿಜ್ಯದ ವಿಷಯದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಒಂದು ಜೊತೆ ಬಾಹು ಮಾತ್ರ ಸಮಾಂತರ ಇರಬೇಕೋ, ಕನಿಷ್ಠ ಒಂದು ಜೊತೆ ಇದ್ದರೆ ಸಾಕೋ ಎಂಬುದರಲ್ಲಿ ಪುಸ್ತಕದಿಂದ ಪುಸ್ತಕಕ್ಕೆ ವ್ಯತ್ಯಾಸವಿದೆ. ಎರಡನೆಯದನ್ನು ಒಪ್ಪಿದರೆ ಸಮಾಂತರ ಚತುರ್ಭುಜವೂ ತ್ರಾಪಿಜ್ಯವೇ. ಎರಡೂ ವ್ಯಾಖ್ಯೆಗಳನ್ನು ಬೋರ್ಡಿನ ಮೇಲೆ ಬರೆದು, ಪರೀಕ್ಷೆಗೆ ನಮ್ಮ ಪಠ್ಯ ಹೇಳುವುದನ್ನು ಹಿಡಿಯೋಣ ಎಂದೆ. ಯೂಕ್ಲಿಡ್‌ನ ಕಥೆ ಕೇಳಿದ್ದ ಮಕ್ಕಳಿಗೆ ಇದು ಗೊಂದಲವೆನಿಸಲಿಲ್ಲ.

ಕೊನೆಗೆ ಕಂಡದ್ದು

ಸರಿ ಅಥವಾ ತಪ್ಪು ಎಂಬ ಪ್ರಶ್ನೆಗಳನ್ನು ಬಿಟ್ಟೆ, ಮೊದಲ ಸಲ ನನಗೆ ಮೋಸ ಮಾಡಿದ್ದೇ ಅವು. ಬದಲಿಗೆ ಹೀಗೆ ಕೇಳಿದೆ: "ಆಯತವಾಗಿದ್ದು ಚೌಕವಲ್ಲದ ಒಂದು ಆಕೃತಿ ಬರೆಯಿರಿ. ಚೌಕವಾಗಿದ್ದು ಆಯತವಲ್ಲದ ಒಂದು ಆಕೃತಿ ಬರೆಯಿರಿ. ಬರೆಯಲು ಆಗದಿದ್ದರೆ ಯಾಕೆ ಎಂದು ಹೇಳಿರಿ." ಎರಡನೆಯದಕ್ಕೆ ಹೆಚ್ಚಿನವರು ಖಾಲಿ ಜಾಗ ಬಿಟ್ಟು ಕೆಳಗೆ ಕಾರಣ ಬರೆದಿದ್ದರು. ಕೆಲವರು ಓರೆಯಾದ ಚೌಕ ಬರೆದು "ಇದು ಆಯತ ಅಲ್ಲ" ಎಂದಿದ್ದರು. ಅವರು ಇನ್ನೂ ನೋಟದ ಹಂತದಲ್ಲಿದ್ದಾರೆ. ಅವರಿಗೆ ಹಗ್ಗವೂ ನಟ್ಟು ಬೋಲ್ಟಿನ ಪಟ್ಟಿಯೂ ಮತ್ತೆ ಬೇಕು, ವಾಕ್ಯ ಬೇಡ. ಹಗ್ಗದ ನಡುವೆ ಕಾರ್ಡು ಹಿಡಿದು ನಿಂತಿದ್ದ ಹುಡುಗ ಈಗಲೂ ಓರೆ ಆಕೃತಿ ಕಂಡರೆ ಮೊದಲು ಕಾಗದವನ್ನೇ ತಿರುಗಿಸಿ ನೆಟ್ಟಗೆ ಮಾಡಿಕೊಂಡು ನೋಡುತ್ತಾನೆ. ನೋಡಿದ ಮೇಲೆ ಮಾತ್ರ ಮಡಚಿದ ಕಾಗದದ ಮೂಲೆ ಹಿಡಿಯುತ್ತಾನೆ. ಅವನ ಜೊತೆ ಮುಂದಿನ ವಾರ ತಿರುಗಿಸಲು ಬಾರದ ಹಾಗೆ ಗೋಡೆಗೆ ಅಂಟಿಸಿದ ಆಕೃತಿಗಳನ್ನು ಅಳೆಯಬೇಕೆಂದಿದ್ದೇನೆ.

ಹುಡುಗಿ ಉತ್ತರಪತ್ರಿಕೆ ಕೊಟ್ಟು ಹೋದವಳು ಬಾಗಿಲಿನಿಂದ ತಿರುಗಿ ಬಂದಳು. "ಮಿಸ್, ಹಾಗಾದ್ರೆ ಸಮಬಾಹು ತ್ರಿಭುಜ ಸಮದ್ವಿಬಾಹು ತ್ರಿಭುಜವೂ ಹೌದಾ?"

"ನಿಂಗೇನನ್ಸುತ್ತೆ?"

"ಎರಡು ಬಾಹು ಸಮ ಇರ್ಬೇಕು ಅಂದ್ರೆ ಎರಡೇ ಅಂತಾನಾ, ಕನಿಷ್ಠ ಎರಡು ಅಂತಾನಾ? ಅದನ್ನ ಮೊದಲು ಹೇಳಿ ಮಿಸ್," ಎಂದಳು.